ಕಾಂಪೌಂಡರ್ ಬೆರೆಸಿದ ಪುಡಿ

ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದಿನ ದವಾಖಾನೆಯಲ್ಲಿ ಡಾಕ್ಟರು ಒಳಗೆ ರೋಗಿಗಳ ನಾಡಿ ನೋಡಿದರೆ, ಹೊರಗಿನ ಕಿಟಕಿಯಲ್ಲಿ ಕಾಂಪೌಂಡರ್ ಕರಿಬಸಯ್ಯ ಅವರ ಯೋಗ್ಯತೆ ನೋಡುತ್ತಿದ್ದ. ಜನ ಮನೆಯಿಂದ ತಂದ ಶೀಸೆಗೆ ಔಷಧಿ ತುಂಬಿ, ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸಲು ಕಾಗದದ ಪಟ್ಟಿ ಕತ್ತರಿಸಿ ಅಂಟಿಸುವುದು ಅವನ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿ ಮಾಡಿ, ಡಾಕ್ಟರಿಗಿಂತ ತಾನೇ ಬಲ್ಲವನೆಂದು ನಂಬಿಬಿಟ್ಟಿದ್ದ.

ಎಂಬತ್ತಾರರ ಚಳಿಗಾಲದಲ್ಲಿ ಕೆಮ್ಮಿನ ಔಷಧಿಗೆ ಗಿರಾಕಿ ಹೆಚ್ಚಾದರು. ಹಟ್ಟಿ ಗಣಿಯ ಕೆಲವರು ಬಾಯಿ ನಾರದ ಅಮಲೆಂದು ಅದನ್ನು ಶೀಸೆಗಟ್ಟಲೆ ಕುಡಿಯುತ್ತಿದ್ದರು. ಕರಿಬಸಯ್ಯನಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಆದರೆ ಅವನು ಡಾಕ್ಟರಿಗೆ ಹೇಳಲಿಲ್ಲ, ಆ ಕುಡುಕರನ್ನು ಬರಿಗೈಯಲ್ಲಿ ಕಳಿಸಲೂ ಇಲ್ಲ. ವಿಷ ಕುಡಿದವರಿಗೆ ವಾಂತಿ ಮಾಡಿಸಲು ಇಟ್ಟಿದ್ದ ಪುಡಿಯನ್ನು ಅಂಥವರ ಶೀಸೆಗೆ ಸದ್ದಿಲ್ಲದೆ ಬೆರೆಸತೊಡಗಿದ. ಅವರು ನಿಲ್ದಾಣದ ಗೋಡೆ ಹಿಡಿದು ಕರುಳು ಕಿತ್ತುಬರುವಂತೆ ಕಾರಿಕೊಳ್ಳುವುದನ್ನು ಕಿಟಕಿಯಿಂದ ನೋಡಿ ನಗುತ್ತಿದ್ದ. ಅವರೋ ಅತಿಯಾಗಿ ಕುಡಿದದ್ದಕ್ಕೇ ಹೀಗಾಯಿತೆಂದುಕೊಂಡು ಮತ್ತೆ ಬರುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಒಂದು ಮುಂಜಾನೆ ಗುರುಗುಂಟಾದ ಮಾಳಿಂಗಪ್ಪ ಬಂದ. ಅವನೂ ಗಣಿಯವನೇ.

"ಅಯ್ಯನೋರ, ಮಗಳಿಗೆ ಕೆಮ್ಮು ಭಾಳ ಆಗೈತ್ರಿ. ದವಾ ಕೊಡ್ರಿ."

"ಹೋದ ವಾರ ನಿಮ್ಮವ್ವ ಕೆಮ್ಮಾಕತ್ತಿದ್ಲು. ಅದರ ಹಿಂದಿನ ವಾರ ಹೇಂತಿ. ಈ ವಾರ ಮಗಳೇನು?"

ಮಾಳಿಂಗಪ್ಪ ತಲೆ ತಗ್ಗಿಸಿದ. "ಅವು ಸುಳ್ಳರಿ. ನಾನ ಕುಡದೆ. ಇದು ಮಾತ್ರ ಕೂಸಿಗೇರಿ. ನಾಕು ವರ್ಷದಾಕಿ."

"ಹಂಗಾರ ಕರಕೊಂಡು ಬಾ."

"ಇಂಥ ಥಂಡಿಯೊಳಗ ಹೆಂಗ ತರಲ್ರಿ? ದೇವರಾಣಿ, ಕೂಸಿಗೇರಿ."

"ಕುಡುಕರ ಆಣಿ!" ಎಂದು ಗೊಣಗಿದ ಕರಿಬಸಯ್ಯ, ಆ ದಿನ ಪುಡಿಯನ್ನು ತುಸು ಹೆಚ್ಚೇ ಹಾಕಿದ.

ಮಾಳಿಂಗಪ್ಪನ ಹೆಂಡತಿ ಯಮನಮ್ಮ ಪಟ್ಟಿ ತೋರಿಸಿದಷ್ಟೇ ಅಳೆದು ಮಗಳು ಕನಕಮ್ಮನಿಗೆ ಕುಡಿಸಿದಳು. ವಾಂತಿ ಶುರುವಾಯಿತು. ಕೆಮ್ಮಿಗೇ ವಾಂತಿಯೆಂದು ತಿಳಿದು, ಹೊತ್ತಿಗೆ ಸರಿಯಾಗಿ ಮತ್ತೂ ಕುಡಿಸಿದಳು. ಮರುದಿನ ದವಾಖಾನೆಗೆಂದು ಹೊರಟ ಬಸ್ಸಿನಲ್ಲಿ, ತಾಯಿಯ ಮಡಿಲಲ್ಲೇ ಕೂಸು ತಣ್ಣಗಾಯಿತು.

ಊರು ತೀರ್ಪು ಕೊಡಲು ತಡಮಾಡಲಿಲ್ಲ. ಕುಡುಕ ಅಪ್ಪ ದಾರಿಯಲ್ಲಿ ಔಷಧಿ ಕುಡಿದು, ಶೀಸೆಗೆ ಬೇರೇನೋ ಸುರಿದಿದ್ದಾನೆಂದರು. ಯಮನಮ್ಮ ಗಂಡನನ್ನು ಹೊಸ್ತಿಲು ದಾಟಗೊಡಲಿಲ್ಲ. ಸುದ್ದಿ ಕೇಳಿದ ಕರಿಬಸಯ್ಯನಿಗೆ ತನ್ನ ಪುಡಿಯೇ ಕಾರಣವೆಂದು ಗೊತ್ತಾಯಿತು. ಆದರೂ ಅವನು ಬಾಯಿ ಬಿಡಲಿಲ್ಲ, ಹೇಡಿ.

ಎಂಟು ದಿನ ಕಳೆದ ಮೇಲೆ ಮಾಳಿಂಗಪ್ಪ ಮತ್ತೆ ಬಂದ. ಕೈಯಲ್ಲಿ ಶೀಸೆ ಇರಲಿಲ್ಲ.

"ಅಯ್ಯನೋರ, ನೀವು ಕೊಟ್ಟ ದವಾ ಚೊಲೋ ಇತ್ತಲ್ರಿ?"

"ಹೂಂ. ಚೊಲೋ ಇತ್ತು."

"ಹಂಗಾರ ನಾನ ಏನರ ಬೆರಸಿರಬೇಕ್ರಿ. ಅವತ್ತು ಕುಡದಿದ್ದಿಲ್ಲ ಅನಸ್ತೈತಿ. ಆದ್ರ ಕುಡುಕನ ನೆನಪು, ಏನು ಖಾತ್ರಿ? ಊರೆಲ್ಲ ಹಂಗ ಅಂತೈತಿ. ನಿಮ್ಮ ದವಾಖಾನಿಗೂ ಕೆಟ್ಟ ಹೆಸರು ತಂದೆ. ತಪ್ಪಾತ್ರಿ."

ಹೀಗೆಂದು ಒಳಗೆ ಬಂದು, ಸಾಲಿನಲ್ಲಿ ಕೂತವರೆಲ್ಲ ನೋಡುತ್ತಿರುವಂತೆ ಕರಿಬಸಯ್ಯನ ಪಾದ ಮುಟ್ಟಿದ. ಕರಿಬಸಯ್ಯ ಕೆಂಡ ತುಳಿದವನ ಹಾಗೆ ಕಾಲು ಎಳೆದುಕೊಂಡ.

"ಮುಟ್ಟಬ್ಯಾಡೋ! ನೀ ಏನೂ ಬೆರಸಿಲ್ಲ. ನಾ ಬೆರಸೀನಿ. ನಿನಗ ವಾಂತಿ ಆಗ್ಲಿ ಅಂತ ಪುಡಿ ಹಾಕಿದ್ದೆ."

ಮಾತು ಕೇಳಿ ಡಾಕ್ಟರು ಹೊರಗೆ ಬಂದು ನಿಂತರು. ಮಾಳಿಂಗಪ್ಪ ಕರಿಬಸಯ್ಯನ ಮೇಲೆ ಕೈ ಎತ್ತಲಿಲ್ಲ. "ಇದನ್ನ ಯಮನವ್ವನ ಮುಂದ ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ" ಎಂದ.

"ಹೋಗಿ ಹೇಳು," ಎಂದರು ಡಾಕ್ಟರು. "ಆಮ್ಯಾಲ ಠಾಣೆಗೆ ಹೋಗಬೇಕಾಗ್ತದ."

ಗುರುಗುಂಟಾದ ಆ ಅಂಗಳದಲ್ಲಿ ನಿಂತು ಕರಿಬಸಯ್ಯ ಒಂದನ್ನೂ ಮುಚ್ಚಿಡದೆ ಹೇಳಿದ. ನೆರೆಯವರು ಕೂಡಿದರು. ಹೊಸ್ತಿಲ ಮೇಲೆ ಕೂತಿದ್ದ ಯಮನಮ್ಮ ಅಳಲಿಲ್ಲ.

"ದವಾ ಕೂಸಿಗಂತ ನನ್ನ ಗಂಡ ಹೇಳಿದ್ನೇನ್ರಿ?"

"ಹೇಳಿದ್ದನವ್ವ. ಆಣಿ ಮಾಡಿ ಹೇಳಿದ್ದ."

"ನೀವು ನಂಬಲಿಲ್ಲ."

"ಇಲ್ಲವ್ವ."

"ನಾನೂ ನಂಬಲಿಲ್ಲ," ಎಂದಳು ಯಮನಮ್ಮ. ಎದ್ದು ಬಂದು ಗಂಡನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಕರಿಬಸಯ್ಯನಿಗೆ ಯಾರೂ ಬೈಯಲಿಲ್ಲ. ಸರಿದು ದಾರಿ ಬಿಟ್ಟರು. ಅವನು ಒಬ್ಬನೇ ಠಾಣೆಯ ಕಡೆ ನಡೆದ.