ಸುಟ್ಟ ಬಣ್ಣ

ಪುಟ್ಟ ಮಾದರಿಗಳ ಪ್ರದರ್ಶನದ ಬಾಗಿಲಲ್ಲಿ ಅಣ್ಣ ಕಾಣಿಸಿಕೊಂಡಾಗ ತಮ್ಮನ ಎದೆ ಧಸಕ್ಕೆಂದಿತು. ಬಹುಮಾನ ಬಂದ ಸುದ್ದಿಯನ್ನು ಊರಿಗೆಲ್ಲ ಸಾರಿದವನು ಅಣ್ಣನಿಂದ ಮಾತ್ರ ಮುಚ್ಚಿಟ್ಟಿದ್ದ. ಹಿಂದೆಯೇ ಅತ್ತಿಗೆ ಬಂದಳು, ಮುಖದ ತುಂಬ ಹೆಮ್ಮೆ. ಕರೆತಂದದ್ದು ಅವಳೇ ಇರಬೇಕು.

ತಮ್ಮನದು ಕಟ್ಟುಹಲ್ಲು ಮಾಡುವ ಕೆಲಸ. ದಿನವಿಡೀ ಮೇಣ, ಪ್ಲಾಸ್ಟರ್, ಕೆತ್ತುವ ಸಣ್ಣ ಕೊಕ್ಕೆಗಳ ಸಹವಾಸ. ರಜೆಯ ದಿನ ಅದೇ ಕೊಕ್ಕೆಗಳನ್ನು ಮನೆಗೆ ತಂದು ಅಂಗೈಯಗಲದ ಯುದ್ಧ ಟ್ಯಾಂಕುಗಳನ್ನು ಮಾಡುತ್ತಿದ್ದ. ಪ್ಲಾಸ್ಟಿಕ್ ಬಿಡಿಭಾಗ ಜೋಡಿಸುವುದು ಯಾರಿಗಾದರೂ ಬರುತ್ತದೆ; ಪ್ಲಾಸ್ಟಿಕ್ಕನ್ನು ಕಬ್ಬಿಣವೆಂದು ನಂಬಿಸುವುದರಲ್ಲಿ ಇವನದು ಎತ್ತಿದ ಕೈ. ತೆಳ್ಳಗೆ ಪುಟ್ಟಿ ಬಳಿದು, ಮೊಂಡು ಬ್ರಷ್ಷಿನಿಂದ ಕುಟ್ಟಿ ಕುಟ್ಟಿ, ಎರಕದ ಉಕ್ಕಿನ ತರಿತರಿ ಮೈ ತರುತ್ತಿದ್ದ. ಮದುವೆಯಾಗಿದ್ದರೆ ಇಷ್ಟು ಪುರುಸೊತ್ತು ಎಲ್ಲಿರುತ್ತಿತ್ತು ಎಂದು ಅತ್ತಿಗೆ ಛೇಡಿಸುತ್ತಿದ್ದಳು.

ಅಣ್ಣ ಮಾತ್ರ ಅವನು ಕೆಲಸ ಮಾಡುವ ಮೇಜಿನ ಹತ್ತಿರ ಸುಳಿಯುತ್ತಿರಲಿಲ್ಲ. ಹದಿನೆಂಟು ವರ್ಷ ಸೈನ್ಯದಲ್ಲಿ ನಿಜವಾದ ಟ್ಯಾಂಕು ಓಡಿಸಿದವನು ಅವನು. ಹೋದ ವರ್ಷ ಒಂದು ಮಧ್ಯಾಹ್ನ, ಏನನಿಸಿತೋ, ಬಂದು ಎದುರಿಗೆ ಕುಳಿತ. ತಮ್ಮ ಒಂದು ಟ್ಯಾಂಕಿಗೆ ಬೆಂಕಿಯ ಕಲೆ ಬಳಿಯುತ್ತಿದ್ದ. ಸುಟ್ಟದ್ದು ಹಾಗಿರುವುದಿಲ್ಲ ಎಂದ ಅಣ್ಣ. ಆಮೇಲೆ ನಿಧಾನವಾಗಿ, ಹೆಂಡತಿಗೂ ಹೇಳದಿದ್ದದ್ದನ್ನು ಹೇಳಿದ. ಪಕ್ಕದಲ್ಲೇ ಹೋಗುತ್ತಿದ್ದ ಟ್ಯಾಂಕಿಗೆ ಬೆಂಕಿ ಹತ್ತಿದ್ದು. ಒಳಗೆ ನಾಲ್ವರು ಗೆಳೆಯರಿದ್ದದ್ದು. ಬಣ್ಣ ಹಾಲಿನ ಕೆನೆಯಂತೆ ಸುಕ್ಕಾಗಿ ಎದ್ದದ್ದು.

ಆಗ ತಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಸುಕ್ಕು ಬರೀ ಪಕ್ಕದಲ್ಲಿತ್ತಾ, ಮೇಲೆ ಹತ್ತಿ ಇಳಿಯೋ ಮುಚ್ಚಳದ ಹತ್ರಾನೂ ಇತ್ತಾ?"

ಅಣ್ಣ ಅವನ ಮುಖವನ್ನೇ ನೋಡಿದ. ಮುಚ್ಚಳದ ಹತ್ತಿರವೂ ಇತ್ತು ಎಂದು ಹೇಳಿ ಎದ್ದುಹೋದ. ಹೇಳುವುದು ಇನ್ನೂ ಉಳಿದಿತ್ತೆಂದು ತಮ್ಮನಿಗೆ ಗೊತ್ತಾಗದೆ ಇರಲಿಲ್ಲ. ಆದರೆ ಕೈಯಲ್ಲಿ ಬ್ರಷ್ಷಿತ್ತು, ಬಣ್ಣ ಒಣಗುತ್ತಿತ್ತು.

ಆ ಸುಕ್ಕು ತರಲು ಮೂರು ತಿಂಗಳು ಹಿಡಿಯಿತು. ಕೆಳಗಿನ ಬಣ್ಣ ಹಸಿಯಿರುವಾಗಲೇ ಇನ್ನೊಂದು ಪದರ ಬಳಿದು ಬಿಸಿಗಾಳಿ ಹಿಡಿದಾಗ, ಅಂತೂ ಬಂತು. ಮೇಲೆ ಮಸಿಪುಡಿ ಉದುರಿಸಿದ. ವಾರ್ನಿಷ್ ಹೊಡೆದರೆ ಮಸಿ ಹೊಳೆಯುತ್ತದೆಂದು ಹಾಗೆಯೇ ಬಿಟ್ಟ. ತೀರ್ಪುಗಾರರು ಕಣ್ಣರಳಿಸಿ, ಇದನ್ನೆಲ್ಲಿ ಕಲಿತಿರಿ ಎಂದಿದ್ದರು. ಅಭ್ಯಾಸ ಅಷ್ಟೆ ಎಂದು ಹಲ್ಲು ಕಿರಿದಿದ್ದ. ಈಗ ಅದು ನೆನಪಾಗಿ ತನ್ನ ಬಗ್ಗೆ ತನಗೇ ಹೇಸಿಗೆಯೆನಿಸಿತು.

ಅಣ್ಣ ಕನ್ನಡಕ ಹಾಕಿಕೊಂಡು, ಬಹುಮಾನದ ಟ್ಯಾಂಕಿದ್ದ ಮೇಜಿನ ಮೇಲೆ ಬಗ್ಗಿದ. ಸುಕ್ಕನ್ನೇ ತುಂಬಾ ಹೊತ್ತು ನೋಡಿದ. ಕೆಲಸ ಇಷ್ಟು ಚೆನ್ನಾಗಿ ಬರಬಾರದಿತ್ತು ಎಂದುಕೊಂಡ ತಮ್ಮ.

"ಮುಚ್ಚಳ ತೆರೆದಿಟ್ಟಿದೀಯಲ್ಲೋ."

"ಒಳಗಿನ ಕೆಲಸ ಕಾಣ್ಲಿ ಅಂತ, ಅಣ್ಣಾ."

"ಅವತ್ತು ಅದನ್ನ ತೆಗೆಯೋಕೆ ಆಗ್ಲಿಲ್ಲ ಕಣೋ. ನಾನು ಮೇಲೆ ಹತ್ತಿದ್ದೆ."

ಏನಂತೆ ಎಂದು ಅತ್ತಿಗೆ ಕೇಳಿದಳು. ತಮ್ಮ ಅಣ್ಣನತ್ತಲೇ ತಿರುಗಿದ. ಅವತ್ತು ಹಾಗೆ ಕೇಳಬಾರದಿತ್ತು, ತಪ್ಪಾಯಿತು ಎಂದು ತಡವರಿಸಿದ. ಈಗಲೇ ಮನೆಗೆ ಒಯ್ದು ಎಲ್ಲವನ್ನೂ ಕೆರೆದು ಹಾಕುತ್ತೇನೆ ಎಂದ. ಅಣ್ಣ ಬೇಡವೆಂದು ತಲೆಯಾಡಿಸಿದ. ಮುಟ್ಟಬೇಡಿ ಎಂಬ ಚೀಟಿಯನ್ನು ದಾಟಿ ಕೈ ಚಾಚಿ, ಉಗುರಿನಷ್ಟಿದ್ದ ಮುಚ್ಚಳವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಅಂಟು ಗಟ್ಟಿಯಾಗಿತ್ತು, ಮುಚ್ಚಿಕೊಳ್ಳಲಿಲ್ಲ. ಇನ್ನೊಮ್ಮೆ ಒತ್ತಿ ನೋಡಿದ.

"ಹೀಗೇ ಇರ್ಲಿ ಬಿಡು," ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ತಮ್ಮ ಅವರಿಬ್ಬರ ಎದುರು ಸೀಟಿನಲ್ಲಿ ಕುಳಿತ. ಅಣ್ಣನ ಹೆಬ್ಬೆರಳಿಗೆ ಮಸಿ ಹತ್ತಿದ್ದನ್ನು ನೋಡಿ ಅತ್ತಿಗೆ ಚೀಲದಿಂದ ಕರವಸ್ತ್ರ ತೆಗೆದು ಕೊಟ್ಟಳು. ಅಣ್ಣ ಅದನ್ನು ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ. ಇಳಿಯುವ ನಿಲ್ದಾಣ ಬರುವವರೆಗೂ ಆ ಹೆಬ್ಬೆರಳನ್ನು ಯಾವುದಕ್ಕೂ ತಾಗಿಸದೆ ಎತ್ತಿ ಹಿಡಿದುಕೊಂಡೇ ಕುಳಿತಿದ್ದ.