ಮೇಸ್ತ್ರಿಯ ಕೈ

ಹಸಿರು ಸೆರಗೊಂದು ಗಾಳಿಗೆ ಎದ್ದಿತು, ಅಲ್ಲ, ಸೆರಗಲ್ಲ, ಜೋಳದ ರಾಶಿಗೆ ಹೊದಿಸಿದ್ದ ತಾಡಪಾಲಿನ ಅಂಚು — ಆದರೂ ಕೆಂಚೇಶ ನಿಂತಲ್ಲಿಂದ ಎರಡು ಹೆಜ್ಜೆ ಓಡಿಬಿಟ್ಟಿದ್ದ, ಹಸಿರು ಕಂಡರೆ ಸಾಕು ಹೀಗೇ, ಗೋವಿನಕೋವಿಯ ಈ ಕಣದಲ್ಲಿ ಬೆಳಗಿನಿಂದ ಮೆಕ್ಕೆಜೋಳ ಒಕ್ಕುವ ಮಿಷಿನ್ ಗುಡುಗುತ್ತಿದೆ, ಧೂಳು ಎಷ್ಟೆಂದರೆ ಕಾಗೆಗಳೂ ಕೆಮ್ಮಿಕೊಂಡೇ ಹಾರಿ ಹೋಗುತ್ತಿವೆ, ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಬುಟ್ಟಿ ಬುಟ್ಟಿ ತೆನೆ ಸುರಿಯುತ್ತಿದ್ದಾರೆ, ಟ್ರ್ಯಾಕ್ಟರ್ ಸೀಟಿನಲ್ಲಿ ರವಿಕುಮಾರ, ಮೊದಲು ಆ ಸೀಟಿನಲ್ಲಿ ಕೂರುತ್ತಿದ್ದವನು ತಾನು, ಈಗ ತಾನೇ ಮೇಸ್ತ್ರಿ, ಕಣದ ಮೂಲೆಯಲ್ಲಿ ನಿಂತು ನೋಡುವವನು, ಮಹೇಶ್ವರಪ್ಪ ನಿಲ್ಲುತ್ತಿದ್ದ ಹಾಗೆ — ಆ ಹಳೆ ಮೇಸ್ತ್ರಿ ಮಹೇಶ್ವರಪ್ಪನ ಕೈ, ಅದೇನು ಸಾಮಾನ್ಯದ ಕೈಯೇ, ಜಗಳೂರಿನಲ್ಲಿ ಎತ್ತಿದರೆ ಚನ್ನಗಿರಿಯಲ್ಲಿ ಮಿಷಿನ್ ನಿಲ್ಲುತ್ತಿತ್ತು, ಹೊನ್ನಾಳಿ ಬಸ್ಸು ಅಡ್ಡರಸ್ತೆಯಲ್ಲೇ ಬ್ರೇಕ್ ಹಾಕುತ್ತಿತ್ತು, ಒಮ್ಮೆ ಮೈ ಮುರಿಯಲು ಎತ್ತಿದನಂತೆ, ಹೊಳೆ ಹರಿಯುವುದನ್ನೇ ಮರೆತು ನಿಂತಿತಂತೆ, ಹೆಂಗಸರು ಹೀಗೆಲ್ಲ ಹೇಳಿ ನಗುತ್ತಿದ್ದರು, ಕೆಂಚೇಶನೂ ನಗುತ್ತಿದ್ದ, ಒಳ್ಳೆಯ ಮನುಷ್ಯ, ಯಾರಿಗೆ ಜ್ವರ ಬಂದರೂ ತನ್ನ ಗಾಡಿಯಲ್ಲೇ ಆಸ್ಪತ್ರೆಗೆ ಕರೆದೊಯ್ಯುವವನು, ಆದರೆ ಮಿಷಿನ್ ನಿಲ್ಲಬೇಕಾದರೆ ಅವನೇ ಕೈ ಎತ್ತಬೇಕು, ಬೇರೆ ಯಾರು ಕೂಗಿದರೂ ಇಲ್ಲ, ತೆನೆ ಸುರಿಯುತ್ತಿದ್ದ ಯಶೋಧರಾ ಒಂದು ಸಲ ಕೂಗಿದ್ದಳು, ಒಳಗೆ ಏನೋ ಕಟಕಟ ಅಂತೈತೆ, ನಿಲ್ಸೋ ಕೆಂಚಣ್ಣ, ತಾನು ನಿಲ್ಲಿಸಿಬಿಟ್ಟ, ನೋಡಿದರೆ ಏನಿಲ್ಲ, ಕಾಳು ಉದುರಿದ ಒಂದು ಬೆಂಡು, ಯಾರ್ನ ಕೇಳಿ ನಿಲ್ಸಿದಿ, ಮೇಸ್ತ್ರಿ ನಾನಾ ಅವಳಾ, ಎಂದ ಮಹೇಶ್ವರಪ್ಪ, ನಗುತ್ತಲೇ ಎಂದ, ಆಯಮ್ಮಂಗೂ ಒಂದ್ ಪೇಟ ಕಟ್ರಿ ಎಂದರು ಯಾರೋ, ಕಣವೆಲ್ಲ ನಕ್ಕಿತು — ಆಮೇಲೆ ಯಾರೂ ಕೂಗಲಿಲ್ಲ, ಅವಳೂ.

ಆಮೇಲೊಂದು ದಿನ ಅವಳದೇ ಸೆರಗು, ಹಸಿರು, ಅಂಗಿಯೊಳಗಿಂದ ಜಾರಿ, ಟ್ರ್ಯಾಕ್ಟರಿಗೂ ಮಿಷಿನ್ನಿಗೂ ನಡುವೆ ತಿರುಗುವ ಶಾಫ್ಟಿನ ಕಡೆ ಮೆಲ್ಲಗೆ ತೇಲುತ್ತದೆ, ಕೆಂಚೇಶ ಸೀಟಿನ ಮೇಲಿಂದ ನೋಡುತ್ತಾನೆ, ನಿಲ್ಲಿಸುವ ಗುಂಡಿ ಅವನ ಬೆರಳ ಪಕ್ಕದಲ್ಲೇ ಇದೆ, ಆದರೆ ಕಣ್ಣು ಹೋಗುವುದು ಮಹೇಶ್ವರಪ್ಪನ ಕೈ ಹುಡುಕಿಕೊಂಡು, ಕೈ ಕಿವಿಯ ಹತ್ತಿರ ಇದೆ, ಕೈಯಲ್ಲಿ ಫೋನು, ಸಾಸ್ವೆಹಳ್ಳಿ ರೈತರಿಗೆ ನಾಳೆ ಬರ್ತೀವಿ ಬಿಡ್ರೀ ಎನ್ನುತ್ತಿದ್ದಾನೆ, ಒಂದೇ ಉಸಿರಿನಷ್ಟು ಹೊತ್ತು, ಅಷ್ಟರಲ್ಲಿ ಸೆರಗು ಸುತ್ತಿಕೊಂಡಿತು, ಬಿಡಿಸಿಕೊಳ್ಳಲು ಹೋದ ಅವಳ ಬಲಗೈ — ಈಗ ಅವಳು ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಎಡಗೈಯಿಂದ ಶೇಂಗಾ ಅಳೆದು ಕೊಡುತ್ತಾಳೆ, ಏನ್ ಕೆಂಚಣ್ಣ, ನಿನ್ ಕೈ ಎರಡೂ ಚೆನ್ನಾಗಿದಾವಾ, ಎನ್ನುತ್ತಾಳೆ, ಒಂದು ಹಿಡಿ ಜಾಸ್ತಿಯೇ ಹಾಕುತ್ತಾಳೆ, ಬಸ್ಸು ಹೊನ್ನಾಳಿ ಮುಟ್ಟಿದರೂ ಆ ಶೇಂಗಾ ಪೊಟ್ಟಣ ಬಿಚ್ಚದೆ ಜೇಬಿನಲ್ಲೇ ಇರುತ್ತದೆ.

ಅದಕ್ಕೇ ಬೆಳಿಗ್ಗೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದು, ಯಾರಿಗೆ ಭಯ ಆದ್ರೂ ನಿಲ್ಸು ಅನ್ರಿ, ರವೀ, ಯಾರ್ ಕೂಗಿದ್ರೂ ನಿಲ್ಸು, ನನ್ ಕಡೆ ನೋಡಬ್ಯಾಡ, ಇವತ್ತೇ ಕೆಲಸಕ್ಕೆ ಸೇರಿದ ಅಂಬಿಕಾ ಕೇಳಿದಳು, ನಾನೂ ಕೂಗಬೋದಾ ಮೇಸ್ತ್ರೀ, ನೀನೇ ಮೊದ್ಲು ಕೂಗವ್ವ ಎಂದ, ಪಕ್ಕದಲ್ಲಿ ಕೂತಿದ್ದ ಅಂಜಮ್ಮ ಬಿಡುತ್ತಾಳೆಯೇ, ಇವಳ ದನಿಗೆ ಮಿಷಿನ್ ಹಂಗಿರ್ಲಿ, ನೊಣಾನೂ ನಿಲ್ಲಲ್ಲ ಕಣ್ರೀ — ಈಗ ಜೇಬಿನಲ್ಲಿ ಫೋನು ಗುರ್ ಎನ್ನುತ್ತಿದೆ, ಚನ್ನಗಿರಿಯ ಬೆನಕಪ್ಪ, ನಾಳೆ ನಮ್ ಕಣಕ್ಕೆ ಬರ್ತೀರೇನ್ರೀ, ಬರ್ತೀವಿ, ಎಷ್ಟೊತ್ತಿಗ್ರೀ — ನಿಲ್ಸೂ!

ಅಂಬಿಕಾಳ ದನಿ, ಮಿಷಿನ್ ನಿಂತಿದೆ, ನಿಂತಿದೆಯಲ್ಲ, ಇದ್ದಕ್ಕಿದ್ದಂತೆ ಎಂಥ ಮೌನ, ಕೋಳಿಯೊಂದು ಕೆದಕುವುದೂ ಕೇಳುತ್ತಿದೆ, ಒಳಗೇನೋ ಕಟಕಟ ಅಂತು ಮೇಸ್ತ್ರೀ, ರವಿಕುಮಾರ ಇಳಿದು ಬಂದು ತಡಕಿ ತೆಗೆದದ್ದು ಒಂದು ಬೆಂಡು, ಬರೀ ಬೆಂಡು, ಜೋಳದ ಯಜಮಾನ ವಿರೂಪಾಕ್ಷಪ್ಪ ರಾಶಿಯ ಪಕ್ಕದಿಂದ, ಮೋಡ ನೋಡ್ರೀ ಹೆಂಗೈತೆ, ಆಟ ಆಡಾಕೆ ಬಂದೀರೇನು, ಅಂಬಿಕಾಳ ಮುಖ ಮುದುಡಿತು, ಹೆಂಗಸರ ನಡುವೆ ನಗುವೊಂದು ಏಳುತ್ತಿದೆ, ಈ ನಗು ಅವನಿಗೆ ಗೊತ್ತು, ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಗೊತ್ತು, ನಗಬ್ಯಾಡ್ರಿ, ಎಂದ, ಒಳ್ಳೆ ಕೆಲ್ಸ ಮಾಡಿದಿ ಅಂಬಿಕಾ, ನಾಳೆನೂ ಹಿಂಗೇ ಕೂಗು, ಬೆಂಡು ಸಿಕ್ರೂ ಕೂಗು, ಏನೂ ಸಿಗದಿದ್ರೂ ಕೂಗು, ಯಜಮಾನ್ರೇ, ಇವತ್ತು ಮೇಸ್ತ್ರಿ ಅವಳೇ, ಯಾವಾಗ ಸುರು ಮಾಡೋದು ಅಂತ ಅವಳನ್ನೇ ಕೇಳ್ರಿ, ವಿರೂಪಾಕ್ಷಪ್ಪ ಮೋಡದ ಕಡೆ ಒಮ್ಮೆ ನೋಡಿ ಅಂಬಿಕಾಳ ಕಡೆ ತಿರುಗಿದ, ಅಂಬಿಕಾ ಸೆರಗನ್ನು ಅಂಗಿಯೊಳಗೆ ಇನ್ನೊಮ್ಮೆ ಸಿಕ್ಕಿಸಿಕೊಂಡು, ಹ್ಞೂಂ, ಹಾಕ್ರಿ, ಎಂದಳು, ದನಿ ಬೆಳಗಿನ ಆ ಸಣ್ಣ ದನಿಯಲ್ಲ.

ಮಿಷಿನ್ ಮತ್ತೆ ಗುಡುಗುತ್ತಿದೆ, ಎಲ್ಲ ಸರಿಯಾಯಿತಲ್ಲ, ಆಗಬೇಕಾದದ್ದೇ ಆಯಿತಲ್ಲ, ಹಾಗಾದರೆ ಯಾಕೆ ಬೆನ್ನಲ್ಲಿ ಈ ಚಳಿ — ಅವಳು ಕೂಗಿದಳು, ರವಿಕುಮಾರ ನಿಲ್ಲಿಸಿದ, ಆದರೆ ಆ ಎರಡರ ನಡುವೆ, ಅರ್ಧ ಉಸಿರು, ಅರ್ಧವೂ ಇಲ್ಲ, ರವಿಕುಮಾರನ ಕಣ್ಣು ಅತ್ತಿತ್ತ ತಡಕಿ ಕಣದ ಮೂಲೆಗೆ ಬಂದಿತ್ತು, ತನ್ನ ಕಡೆ, ತನ್ನ ಕೈ ಕಡೆ, ಕಂಡಿದ್ದೆನಲ್ಲ, ಬೆಳಿಗ್ಗೆ ಅಷ್ಟು ಹೇಳಿದ ಮೇಲೂ, ಹಲೋ, ಹಲೋ, ಕೇಳ್ತೈತೇನ್ರೀ, ಬೆನಕಪ್ಪ ಇನ್ನೂ ಫೋನಿನಲ್ಲೇ ಇದ್ದಾನೆ, ರವಿಕುಮಾರ ನೋಡಿದಾಗ ಈ ಕೈ ಎಲ್ಲಿತ್ತು, ಎತ್ತಿದ್ದೆನೇ, ಇಲ್ಲ, ಕೈ ಕಿವಿಯ ಹತ್ತಿರ ಇತ್ತು, ಈಗಲೂ ಅಲ್ಲೇ ಇದೆ, ಕೈ, ಕಿವಿಯ ಹತ್ತಿರ