ಬೀಯಮ್ಮಕ್ಕನ ಪಾತ್ರೆಯಲ್ಲಿ ಬಿಯರ್

ಬಿಯರ್ ಕುಡಿಯುವವರು ಬೇರೆ, ಬಿಯರನ್ನು ಅರ್ಥ ಮಾಡಿಕೊಳ್ಳುವವರು ಬೇರೆ ಎಂದು ರಿತೇಶ ಹೇಳತೊಡಗಿದ್ದು ದುಬೈಯಲ್ಲಿ ಶರ್ವಿನ್‌ನ ಮನೆಗೆ ಊಟಕ್ಕೆ ಹೋಗಿ ಬಂದ ಮೇಲೆ. ಶರ್ವಿನ್ ಅವನ ಹಳೆಯ ಸಹೋದ್ಯೋಗಿ. ತಾನೇ ಮಾಡಿದ ಬಿಯರನ್ನು ಉದ್ದ ಗ್ಲಾಸಿಗೆ ಹೊಯ್ದು, ದೀಪಕ್ಕೆ ಹಿಡಿದು, ಮೂಸಿ, ಕಣ್ಣು ಮುಚ್ಚಿದ್ದ. ರಿತೇಶನೂ ಮೂಸಿ ಕಣ್ಣು ಮುಚ್ಚಿದ. ಪಕ್ಕದಲ್ಲಿ ಕೂತಿದ್ದ ಅಕ್ಷಿತಾಳಿಗೆ ಗಂಡನ ಮುಖ ಹಲ್ಲು ಕೀಳಿಸಿಕೊಳ್ಳಲು ಕುಳಿತವನ ಹಾಗೆ ಕಂಡಿತು.

ಅಬುಧಾಬಿಗೆ ಮರಳುವ ದಾರಿಯುದ್ದಕ್ಕೂ ಅದೇ ಮಾತು. ಈ ದೇಶದಲ್ಲಿ ಮನೆಯಲ್ಲಿ ಇಂಥದ್ದು ಮಾಡಬಾರದು, ಸಿಕ್ಕಿಬಿದ್ದರೆ ಗಂಟುಮೂಟೆ ಕಟ್ಟಬೇಕಾದೀತು ಎಂದು ಅಕ್ಷಿತಾ ನೆನಪಿಸಿದಳು. ಶರ್ವಿನ್ ಮಾಡುತ್ತಿಲ್ಲವೇ ಎಂಬುದೊಂದೇ ರಿತೇಶನಿಗೆ ಗೊತ್ತಿದ್ದ ಕಾನೂನು.

"ನಮ್ಮ ಅಜ್ಜ ಕಳ್ಳು ತೆಗೆದವರು. ನನಗಿದು ರಕ್ತದಲ್ಲೇ ಉಂಟು" ಎಂದ.

"ಅಜ್ಜ ತಾಳೆಮರ ಹತ್ತುತ್ತಿದ್ದರು. ನೀವು ಬಲ್ಬು ಹಾಕ್ಲಿಕ್ಕೆ ವಾಚ್‌ಮನ್‌ನನ್ನು ಕರೆಯುವವರು" ಎಂದಳು ಅಕ್ಷಿತಾ.

ಅವನಿಗೆ ನಾಟಲಿಲ್ಲ. ಮರುವಾರವೇ ಸೂಪರ್‌ಮಾರ್ಕೆಟ್ಟಿನಿಂದ ಬಾರ್ಲಿ ತಂದ. ಉರಿಮೂತ್ರಕ್ಕೆ ನೀರು ಕುದಿಸಿ ಕುಡಿಯುತ್ತಾರಲ್ಲ, ಸಿಪ್ಪೆ ತೆಗೆದು ನುಣುಪು ಮಾಡಿದ ಆ ಬಿಳಿ ಬಾರ್ಲಿ. ಬಿಯರಿಗೆ ಮೊಳಕೆ ಬಂದ ಬಾರ್ಲಿ ಬೇಕೆಂದು ಅದನ್ನು ಹೆಸರುಕಾಳಿನ ಹಾಗೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ನಲ್ಲಿಗೆ ನೇತುಹಾಕಿದ. ಸಿಪ್ಪೆ ಹೋದ ಕಾಳು ಮೊಳೆಯುವುದಿಲ್ಲ ಎಂದು ಅಕ್ಷಿತಾ ಹೇಳಿದಳು. ಯೂಟ್ಯೂಬಿನಲ್ಲಿ ಮೊಳೆಯುತ್ತದೆ ಎಂದು ಅವನು ಹೇಳಿದ. ಯೂಟ್ಯೂಬಿನಲ್ಲಿ ಮೊಳೆಯಿತು, ಅಬುಧಾಬಿಯ ಖಾಲಿದಿಯಾ ಬಡಾವಣೆಯ ಅವರ ಅಡುಗೆಮನೆಯಲ್ಲಿ ಹಳಸಿ ನಾರಿತು.

ಸೋತೆನೆಂದು ಒಪ್ಪುವ ಜಾಯಮಾನ ಅವನದಲ್ಲ. ಹಳಸಿದ ಬಾರ್ಲಿಗೆ ಅಂಗಡಿಯ ಅಮಲಿಲ್ಲದ ಮಾಲ್ಟ್ ಡ್ರಿಂಕನ್ನು ಕ್ಯಾನುಗಟ್ಟಲೆ ಸುರಿದು ಬೆಲ್ಲ ಹಾಕಿ ಕುದಿಸುವುದೆಂದು ನಿರ್ಧರಿಸಿದ. ಕಹಿ ಕೊಡುವ ಹಾಪ್ಸ್ ಎಂಬ ಹೂವು ಎಲ್ಲಿ ಕೇಳಿದರೂ ಸಿಗಲಿಲ್ಲ. ಕಹಿ ಎಂದರೆ ಕಹಿಯೇ ತಾನೆ ಎಂದು ಮಲಯಾಳಿಯ ಮದ್ದಿನಂಗಡಿಯಿಂದ ಕಿರಾತಕಡ್ಡಿ ತಂದ. ಊರಲ್ಲಿ ಮಕ್ಕಳ ಹೊಟ್ಟೆಹುಳಕ್ಕೆ ಮೂಗು ಹಿಡಿದು ಕುಡಿಸುವ ಕಷಾಯದ ಕಡ್ಡಿ ಅದು. ಇಷ್ಟರವರೆಗೆ ಅಕ್ಷಿತಾಳಿಗೆ ಗೊತ್ತಿತ್ತು. ಆಮೇಲೆ ಆಸ್ಪತ್ರೆಯ ರಿಸೆಪ್ಶನ್ನಿನಲ್ಲಿ ಅವಳಿಗೆ ಎರಡು ಪಾಳಿಯ ಕೆಲಸ ಬಿತ್ತು. ಮನೆಗೆ ಬಂದರೆ ಸಾಕು, ನಿದ್ದೆ. ಎರಡನೇ ಬಾತ್‌ರೂಮಿಗೆ ಹೋಗಬೇಡ, ನಲ್ಲಿ ಸೋರುತ್ತಿದೆ ಎಂದು ಅವನು ಹೇಳಿದಾಗ ಹೂಂ ಎಂದಳು.

ಬುಧವಾರ ಎದುರುಮನೆಯ ಬೀಯಮ್ಮ ಬಾಗಿಲು ತಟ್ಟಿದರು. ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಮಗ ಅನ್ಸಾರನ ಜೊತೆ ಇದ್ದವರು. ಶುಕ್ರವಾರ ಸೊಸೆಯ ಮನೆಯವರು ಊಟಕ್ಕೆ ಬರುತ್ತಾರೆ, ತನ್ನ ದೊಡ್ಡ ಬಿರಿಯಾನಿ ಪಾತ್ರೆ ಬೇಕು ಎಂದರು. ತನ್ನ ಮಗಳ ಹುಟ್ಟುಹಬ್ಬದ ಪಲಾವಿಗೆಂದು ಅಕ್ಷಿತಾಳೇ ಅದನ್ನು ಕೇಳಿ ತಂದಿದ್ದಳು. ಕೊಟ್ಟು ಬರುತ್ತೇನೆಂದು ರಿತೇಶ ಮಾರನೆಯ ದಿನವೇ ಹೊತ್ತುಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದಳು. ಎಲ್ಲಿಗೆ ಹೊತ್ತ ಎಂದು ಮಾತ್ರ ನೋಡಿರಲಿಲ್ಲ. ತೊಳೆದು ತರುತ್ತೇನೆ ಎಂದು ಬೀಯಮ್ಮನನ್ನು ಕಳಿಸಿ, ಎರಡನೇ ಬಾತ್‌ರೂಮಿನ ಬಾಗಿಲು ತೆರೆದಳು.

ಹಳೆಯ ಬೆಡ್‌ಶೀಟು ಹೊದ್ದು ಪಾತ್ರೆ ಕುಳಿತಿತ್ತು. ಮುಚ್ಚಳದ ಸುತ್ತ ಮೈದಾಹಿಟ್ಟಿನ ಕಣಕ ಮೆತ್ತಿತ್ತು, ದಮ್ ಬಿರಿಯಾನಿಗೆ ಮೆತ್ತುವ ಹಾಗೆ. ಒಳಗಿನ ಗಾಳಿಗೆ ಕಣಕ ಒಂದು ಕಡೆ ಬಿರಿದು, ಅಲ್ಲಿಂದ ಕಂದು ನೊರೆ ಇಳಿದು ಒಣಗಿತ್ತು.

ಅವನು ಆಫೀಸಿನಿಂದ ಬರುವವರೆಗೆ ಅವಳು ಕಾದಳು. ಇದು ಯಾರ ಪಾತ್ರೆ ಎಂದು ಕೇಳಿದಳು.

"ಬಕೆಟ್ ಆಗುವುದಿಲ್ಲ ಮಾರಾಯ್ತಿ. ಪ್ಲಾಸ್ಟಿಕ್ ಬಿಯರಿಗೆ ಒಳ್ಳೆದಲ್ಲ."

"ಬಿಯರಿಗೆ ಒಳ್ಳೆದಲ್ಲ" ಎಂದು ಅವಳೂ ಹೇಳಿದಳು. ಅಷ್ಟು ಕಾಳಜಿಯ ಗಂಡಸನ್ನು ಅವಳು ಮೊದಲ ಸಲ ನೋಡುತ್ತಿದ್ದಳು.

ಅವನು ಕೂಡಲೇ ಬಿಯರನ್ನು ಬಾಟಲಿಗಳಿಗೆ ತುಂಬಿಸಿದ. ಪಾತ್ರೆಯನ್ನು ಸೋಪು, ಹುಣಸೆಹುಳಿ, ವಿನೆಗರ್ ಹಾಕಿ ತಿಕ್ಕಿದ. ಮದುವೆಯಾದ ಮೇಲೆ ಅವನು ತೊಳೆದ ಮೊದಲ ಪಾತ್ರೆ ಅದು. ಫಳಫಳ ಹೊಳೆಯಿತು.

"ಗೊತ್ತಾಗುವುದು ಹೇಗೆ? ಪಾತ್ರೆ ಬಾಯಿ ಬಿಟ್ಟು ಹೇಳ್ತದಾ?" ಎಂದ. ಹೇಳಿದರೆ ಬೀಯಮ್ಮಕ್ಕನಿಗೇ ಬೇಜಾರು, ಸುಮ್ಮನೆ ವಯಸ್ಸಾದವರ ಮನಸ್ಸು ನೋಯಿಸುವುದೇಕೆ ಎಂದೂ ಸೇರಿಸಿದ. ಅವರ ಮನಸ್ಸಿನ ಬಗ್ಗೆ ಅವನಿಗೆ ಈಗ ಎಲ್ಲಿಲ್ಲದ ಮರುಕ.

ಸುಳ್ಳೇಕೆ, ಪಾತ್ರೆಯನ್ನು ಎತ್ತಿಕೊಂಡಾಗ ಅಕ್ಷಿತಾಳಿಗೂ ಹಾಗೆಯೇ ಕೊಟ್ಟುಬಿಡೋಣ ಎನ್ನಿಸಿತು. ಆದರೆ ಹಿಂದೊಮ್ಮೆ ಕಟ್ಟಡದ ಹೆಂಗಸರೆಲ್ಲ ಸೇರಿದ್ದಾಗ ಕೆಳಗಿನ ಮನೆಯ ಜಾನಿಸ್ ಕ್ರಿಸ್ಮಸ್ ಕೇಕು ಹಂಚಿದ್ದಳು. ಬೀಯಮ್ಮ ತುಂಡನ್ನು ಬಾಯಿಯ ತನಕ ತಂದಾಗ, ಅದಕ್ಕೆ ರಮ್ ಹಾಕಿದೆ ಎಂದು ಅಕ್ಷಿತಾ ಕಿವಿಯಲ್ಲಿ ಹೇಳಿ ಕೈ ತಡೆದಿದ್ದಳು. ಅಂದಿನಿಂದ ಬೀಯಮ್ಮ ತನ್ನ ನೆಂಟರಿಗೆಲ್ಲ ಹೇಳುತ್ತಿದ್ದರು, ಈ ಹುಡುಗಿ ಕೊಟ್ಟದ್ದನ್ನು ಕಣ್ಣುಮುಚ್ಚಿ ತಿನ್ನಬಹುದು ಎಂದು. ಪರದೇಶದಲ್ಲಿ ಅಕ್ಷಿತಾ ಸಂಪಾದಿಸಿದ ಮರ್ಯಾದೆ ಎಂದರೆ ಅದೊಂದೇ. ಅದೇ ನೆಂಟರು ಶುಕ್ರವಾರ ಊಟದ ಮೊದಲಿನ ಬಿಸ್ಮಿ ಹೇಳಿ ಈ ಪಾತ್ರೆಯ ಅನ್ನಕ್ಕೆ ಕೈ ಹಾಕುವವರಿದ್ದರು. ಅವಳು ಪಾತ್ರೆಯನ್ನು ಕೆಳಗಿಟ್ಟು ಬರಿಗೈಯಲ್ಲಿ ಎದುರುಮನೆಗೆ ಹೋದಳು.

ಬೀಯಮ್ಮ ನೀರುಳ್ಳಿ ಹೆಚ್ಚುತ್ತಿದ್ದರು. ಅಕ್ಷಿತಾ ನಿಂತೇ ಎಲ್ಲವನ್ನೂ ಹೇಳಿದಳು.

"ಕುದಿಸಿದ್ದು ಮಾತ್ರವಾ?"

"ಅಲ್ಲ ಬೀಯಮ್ಮಕ್ಕ. ಅದರಲ್ಲೇ ಹುಳಿ ಬರ್ಲಿಕ್ಕೆ ಇಟ್ಟಿದ್ದರು."

ಬೀಯಮ್ಮ ಚೂರಿ ಕೆಳಗಿಟ್ಟರು. ಒಳಗಿನಿಂದ ಬಂದ ಅನ್ಸಾರ್, ಚೆನ್ನಾಗಿ ತೊಳೆದರೆ ಸಾಕು ಉಮ್ಮಾ, ದೋಷವಿಲ್ಲ ಎಂದ. ಬೀಯಮ್ಮ ಅವನ ಕಡೆ ನೋಡಲಿಲ್ಲ.

"ನೀನೇ ಇಟ್ಟುಕೋ" ಎಂದರು ಅಕ್ಷಿತಾಳಿಗೆ. "ನಿನ್ನ ಗಂಡನಿಗೆ ಬೇಕಾಗ್ತದೆ."

ಹೊಸತು ತಂದುಕೊಡುತ್ತೇನೆ ಎಂದು ಅವಳು ಅಂದಾಗ, ಪಾತ್ರೆ ಮೀನಾ ಮಾರ್ಕೆಟಿನಲ್ಲಿ ರಾಶಿ ರಾಶಿ ಉಂಟು ಎಂದು ಮತ್ತೆ ಚೂರಿ ಎತ್ತಿಕೊಂಡರು. ಮರುದಿನ ಅನ್ಸಾರ್ ಅದೇ ಮಾರ್ಕೆಟಿಗೆ ಹೋಗಿ ಬೇರೆ ಪಾತ್ರೆ ತಂದ.

ಶುಕ್ರವಾರ ಮಧ್ಯಾಹ್ನ ಎದುರುಮನೆಯಿಂದ ಬಿರಿಯಾನಿ ಬಂತು. ಯಾವಾಗಲೂ ಸ್ಟೀಲಿನ ಡಬ್ಬಿಯಲ್ಲಿ ಬರುತ್ತಿತ್ತು. ಈ ಮನೆಯದು ಆ ಮನೆಗೆ, ಆ ಮನೆಯದು ಈ ಮನೆಗೆ ಹೋಗಿ ಬಂದು ಯಾವ ಡಬ್ಬಿ ಯಾರದೆಂಬುದು ಇಬ್ಬರಿಗೂ ಮರೆತುಹೋಗಿತ್ತು. ಈ ಸಲ ಬಂದದ್ದು ಹೋಟೆಲಿನವರು ಕೊಡುವಂಥ ತೆಳು ಫಾಯಿಲ್ ಡಬ್ಬಿ.

"ಒಳ್ಳೆದಾಯ್ತು, ತೊಳೆದು ವಾಪಸ್ ಕೊಡುವ ರಗಳೆ ಇಲ್ಲ" ಎಂದ ರಿತೇಶ.

ಅಕ್ಷಿತಾ ಅವನಿಗೆ ಬಿರಿಯಾನಿ ಬಡಿಸಿದಳು. ಇಷ್ಟು ಸುಖವಾಗಿರಲು ಮನುಷ್ಯನಿಗೆ ತಲೆಯ ಒಳಗೆ ಎಷ್ಟು ಜಾಗ ಖಾಲಿ ಇರಬೇಕೋ ಎಂದುಕೊಂಡಳು. ಬಿರಿಯಾನಿಯ ಜೊತೆಗೆ ಅವನು ತನ್ನ ಮೊದಲ ಬಾಟಲಿ ತೆರೆದ. ನೊರೆ ಏಳಲಿಲ್ಲ. ಒಂದು ಗುಟುಕು ಕುಡಿದು, ತಡೆದು, ಇದಕ್ಕೊಂದು ಕ್ಯಾರೆಕ್ಟರ್ ಇದೆ ಎಂದ. ಅಕ್ಷಿತಾ ನಾಲಗೆಯ ತುದಿಗೆ ಮುಟ್ಟಿಸಿ ಸಿಂಕಿಗೆ ಉಗಿದಳು. ಉಳಿದ ಬಾಟಲಿಗಳನ್ನೂ ಒಂದೊಂದಾಗಿ ಅದೇ ಸಿಂಕಿಗೆ ಸುರಿದಳು. ಅವನು ತಡೆಯಲಿಲ್ಲ, ಮುಖದಲ್ಲಿ ನಿಜಕ್ಕೂ ಬಿಡುಗಡೆಯ ಕಳೆ ಇತ್ತು.

ಆಮೇಲೆ ಅವಳು ಫಾಯಿಲ್ ಡಬ್ಬಿಯನ್ನು ಹರಿಯದ ಹಾಗೆ ಮೆಲ್ಲನೆ ತೊಳೆದು ಒರೆಸಿದಳು. ಕೊಟ್ಟ ಪಾತ್ರೆಯನ್ನು ಖಾಲಿ ಮರಳಿಸುವ ಅಭ್ಯಾಸ ಅವಳಿಗಿರಲಿಲ್ಲ. ಏನು ಹಾಕುವುದು? ಈ ಮನೆಯಲ್ಲಿ ಬೇಯಿಸಿದ್ದನ್ನು ಅವರು ಇನ್ನು ತಿನ್ನುತ್ತಾರೋ ಇಲ್ಲವೋ ಎಂದು ಒಲೆ ಹೊತ್ತಿಸಲು ಧೈರ್ಯ ಬರಲಿಲ್ಲ. ಸಿಪ್ಪೆ ಬಿಡಿಸದ ಕಿತ್ತಳೆಗಳನ್ನು ಹಾಕಿ ಎದುರಿನ ಬಾಗಿಲು ತಟ್ಟಿದಳು. ನೆಂಟರು ಹೊರಟುಹೋಗಿದ್ದರು.

ಬೀಯಮ್ಮ ಡಬ್ಬಿಯನ್ನು ನೋಡಿದರು. "ಇದನ್ನು ಬಿಸಾಡುವುದಲ್ವಾ?"

"ನಿಮ್ಮ ಮನೆಯ ಪಾತ್ರೆ. ನಾನು ಹೇಗೆ ಬಿಸಾಡುವುದು?"

ಬೀಯಮ್ಮ ಕಿತ್ತಳೆಯೊಂದನ್ನು ಕೈಯಲ್ಲಿ ತಿರುಗಿಸಿದರು. ಒಳಗೆ ಬಾ ಎನ್ನಲಿಲ್ಲ. ನಿಂತಲ್ಲಿಂದಲೇ, ನಿನ್ನ ಗಂಡನ ಬಿಯರ್ ಎಂತಾಯಿತು ಎಂದು ಕೇಳಿದರು.

"ಹುಳಿ ಗಂಜಿತಿಳಿಗೆ ಕಿರಾತಕಡ್ಡಿ ಕಷಾಯ ಬೆರೆಸಿದ ಹಾಗೆ. ಅವರಿಗೇ ಕುಡಿಲಿಕ್ಕಾಗ್ಲಿಲ್ಲ."

ಬೀಯಮ್ಮನ ತುಟಿಯ ಕೊನೆ ಸ್ವಲ್ಪ ಅಲುಗಿತು. ಅದನ್ನು ಅಡಗಿಸಲು ಅವರು ಮುಖ ಗಂಟಿಕ್ಕಿ ನೋಡಿದರು, ಆಗಲಿಲ್ಲ.

"ನನ್ನ ಪಾತ್ರೆ ಹಾಳು ಮಾಡಿದ್ದು ಸಾಲದು" ಎಂದರು. "ಆ ಗಂಡಸಿಗೆ ಒಂದು ಹರಾಮನ್ನಾದ್ರೂ ಸರಿಯಾಗಿ ಮಾಡ್ಲಿಕ್ಕಾಗ್ಲಿಲ್ವಾ?"

ಕಿತ್ತಳೆಗಳನ್ನು ಸೆರಗಿಗೆ ಸುರಿದುಕೊಂಡು, ಫಾಯಿಲ್ ಡಬ್ಬಿಯನ್ನು ಮಡಚಿ ಅವಳ ಕೈಗೇ ಕೊಟ್ಟು, ಬಾಗಿಲನ್ನು ಹಾಗೆಯೇ ತೆರೆದಿಟ್ಟು ಚಾಕ್ಕೆ ನೀರಿಡಲು ಒಳಗೆ ಹೋದರು.